ರಾಡ್ ತೆಗೆಸುವ ದಿನ

ತಾಂಬಾ
೨ ಆಗಸ್ಟ್ ೨೦೨೪

ಅಣ್ಣ,

ಈ ಕವರನ್ನು ನಿನ್ನ ಕೈಗೆ ಕೊಡುವವನು ಕಂಡಕ್ಟರ್ ದಾವಲಮಲಿಕ. ಮುದ್ದೇಬಿಹಾಳ ನಿಲ್ದಾಣದಲ್ಲಿ ಅವನ ಬಸ್ಸು ನಿನ್ನ ಕಂಟ್ರೋಲ್ ರೂಮಿನ ಕಿಟಕಿಯ ಎದುರಿಗೇ ನಿಲ್ಲುತ್ತದಂತೆ. ಟಪಾಲಿಗಿಂತ ಬೇಗ ಮುಟ್ಟುತ್ತದೆ ಎಂದ. ಫೋನು ಮಾಡಬಹುದಿತ್ತು. ಆದರೆ ಮಾತು ನನ್ನ ಕಾಲಿನ ಹತ್ತಿರ ಬಂದ ಕೂಡಲೇ ನಿನಗೊಂದು ಬಸ್ಸು ಬರುತ್ತದೆ. "ಬಸ್ ಬಂತು, ಇಡ್ತೇನಿ" ಅನ್ನುತ್ತೀ. ಕಾಗದವಾದರೆ ಬಸ್ಸು ಹೋದ ಮೇಲೂ ನಿನ್ನ ಮೇಜಿನ ಮೇಲೇ ಇರುತ್ತದೆ.

ಹೊಸ ಕಾಲಿಗೆ ಒಂದು ತಿಂಗಳಾಯಿತು. ಸೋಲಾಪುರದಲ್ಲಿ ನಡಿಗೆ ಕಲಿಸಿದ ಮೇಡಂ ಒಂದೇ ಪಾಠ ಹೇಳಿ ಕಳಿಸಿದ್ದರು: "ಹತ್ತೂದಿದ್ರ ಇದ್ದ ಕಾಲು ಮೊದಲ, ಇಳಿಯೂದಿದ್ರ ಇಲ್ಲದ ಕಾಲು ಮೊದಲ." ಇಲ್ಲದ ಕಾಲು ಎಂಬ ಮಾತು ನನಗೆ ಹಿಡಿಸಿತು. ಅದು ಇಲ್ಲ, ಆದರೂ ಮೊದಲು ಇಳಿಯುತ್ತದೆ. ಬೆಳಿಗ್ಗೆ ಮೊಣಕಾಲಿನ ಕೆಳಗೆ ಉಳಿದ ತುಂಡು ಕೂರುವ ಬಟ್ಟಲು ಬಿಗಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಡಿಲಾಗುತ್ತದೆ. ಆಗ ಕೂತು, ಬಿಚ್ಚಿ, ಇನ್ನೊಂದು ಕಾಲುಚೀಲ ಏರಿಸಿಕೊಳ್ಳಬೇಕು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಹುಡುಗಿಯರಿಗೆ ಕೂತು ಎದ್ದು ಮಾಡುವ ಶಿಕ್ಷೆ ಕೊಡುತ್ತಿದ್ದೆ. ಈಗ ಅದು ನನ್ನ ದಿನಚರಿ.

ಕಾಗದ ಬರೆಯಲು ಕಾರಣ ಬೇರೆ. ಹೂವಿನ ಹಿಪ್ಪರಗಿಯವರು ನನ್ನನ್ನು ನೋಡಲು ಬರುತ್ತಾರೆಂದು ಅವ್ವ ಹೇಳಿದಳು. ಹುಡುಗನ ಹೆಸರು ಅಮೋಘಸಿದ್ಧ, ಬಸವನ ಬಾಗೇವಾಡಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ, ತಂದೆ ಇಲ್ಲ, ತಾಯಿ ಇದ್ದಾರೆ. ನನ್ನ ಕಾಲಿನ ವಿಷಯ ಅವರಿಗೆ ಗೊತ್ತೇ ಎಂದು ಕೇಳಿದೆ. ಅವ್ವ ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ನಿಮ್ಮಣ್ಣ ಹೇಳ್ಯಾನ."

"ಏನಂತ?"

"ಕಾಲಾಗ ರಾಡ್ ಐತಿ ಅಂತ."

ನನ್ನ ಕಾಲಲ್ಲಿ ರಾಡ್ ಇಲ್ಲ. ಇಂಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ನನ್ನ ಸ್ಕೂಟಿಯ ಮೇಲೆ ಹಾದ ಮೇಲೆ, ರಾಡ್ ಹಾಕಲಿಕ್ಕೆ ಮೊಣಕಾಲಿನ ಕೆಳಗೆ ಏನೂ ಉಳಿದಿರಲಿಲ್ಲ. ನನಗಿಂತ ಅದು ನಿನಗೇ ಹೆಚ್ಚು ಗೊತ್ತು. ಹಾಗೆ ಹೇಳಿದ್ದು ನಿಜವೇ? ಹೌದು ಅಥವಾ ಅಲ್ಲ, ಅಷ್ಟು ಬರೆದರೆ ಸಾಕು.

ತಂಗಿ,
ಭುವನೇಶ್ವರಿ


ಮುದ್ದೇಬಿಹಾಳ
೭ ಆಗಸ್ಟ್

ಭುವಿ,

ಹೌದು.

ನೀನು ಕೇಳಿದ್ದು ಅಷ್ಟೇ. ಉಳಿದದ್ದನ್ನು ಕೇಳದಿದ್ದರೂ ಬರೆಯುತ್ತೇನೆ.

ಚಡಚಣದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಚಹಾ ಕುಡಿದರು, ನಿನ್ನ ಫೋಟೋ ನೋಡಿ ಹೊಗಳಿದರು, ಮರುದಿನ ಫೋನಿನಲ್ಲಿ "ಜಾತಕ ಕೂಡಲಿಲ್ರಿ" ಎಂದರು. ನಾವು ಜಾತಕವನ್ನೇ ಕೊಟ್ಟಿರಲಿಲ್ಲ. ಆಲಮೇಲದವರು ಅಷ್ಟು ನಯವನ್ನೂ ತೋರಿಸಲಿಲ್ಲ. "ಒಂದ ಕಾಲಿನಾಕಿನ ತಂದು ಹೊಲಕ್ಕ ಕಳಸೂದೋ, ಕುಂಡ್ರಿಸಿ ಉಣ್ಣಸೂದೋ?" ಎಂದು ನನ್ನ ಎದುರಿಗೇ ತಮ್ಮತಮ್ಮಲ್ಲಿ ಕೇಳಿಕೊಂಡು ನಕ್ಕರು. ನಾನೂ ನಕ್ಕೆ. ಅವರ ಪಡಸಾಲೆಯಲ್ಲಿ ಕೂತಿದ್ದೆ, ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಇದನ್ನು ನಿನಗೆ ಹೇಳಿರಲಿಲ್ಲ.

ರಾಡ್ ಎಂದರೆ ಸುಳ್ಳೇನು? ನಿನ್ನ ಬಟ್ಟಲಿಗೂ ಪಾದಕ್ಕೂ ನಡುವೆ ಇರುವುದು ರಾಡೇ. ಅದು ಒಳಗಿದೆ ಎಂದು ಅವರು ತಿಳಿದುಕೊಂಡರು. ನಾನು ತಿದ್ದಲಿಲ್ಲ. ನಮ್ಮ ಕಡೆ ಓಣಿಗೊಬ್ಬರ ಕಾಲಲ್ಲಿ ರಾಡ್ ಇದೆ, ಆ ಶಬ್ದಕ್ಕೆ ಯಾರೂ ಬೆಚ್ಚುವುದಿಲ್ಲ. ಹುಡುಗನ ತಾಯಿ ಕೇಳಿ, "ಅಷ್ಟ ಹೌದಲ್ಲೋ" ಎಂದರು. ಆ "ಅಷ್ಟ" ಎಂಬ ಮಾತಿಗಾಗಿ ನಾನು ಒಂದೂವರೆ ವರ್ಷ ಕಾದಿದ್ದೇನೆ.

ಮದುವೆಯಾದ ರಾತ್ರಿಯೇ ಗೊತ್ತಾಗುತ್ತದಲ್ಲ ಎಂದು ನೀನು ಕೇಳಬಹುದು. ಆ ಹೊತ್ತಿಗೆ ನೀನು ಅವರ ಮನೆಯವಳಾಗಿರುತ್ತೀ. ಹೊರಗಿನವರ ತಪ್ಪನ್ನು ಎಣಿಸುತ್ತಾರೆ, ಮನೆಯವರದನ್ನು ಮುಚ್ಚುತ್ತಾರೆ.

ಹದಿನೆಂಟಕ್ಕೆ, ರವಿವಾರ, ಬರುತ್ತಾರೆ. ಪಡಸಾಲೆಯ ಬಾಗಿಲಿನಿಂದ ಜಮಖಾನೆಯ ತನಕ ನಡೆದರೆ ಸಾಕು. ಉದ್ದನೆಯ ಸೀರೆ ಉಡು. ನಿಮ್ಮ ವೈನಿಯನ್ನೂ ಕರೆದುಕೊಂಡು ಬರುತ್ತೇನೆ.

ಸಂಗಣ್ಣ


ತಾಂಬಾ
೨೦ ಆಗಸ್ಟ್

ಅಣ್ಣ,

ನೀನು ಅಲ್ಲೇ ಕೂತಿದ್ದೆ. ಆದರೂ ಬರೆಯುತ್ತೇನೆ. ನೀನು ನೋಡಿದ್ದು, ನಾನು ನಡೆದದ್ದು, ಎರಡೂ ಒಂದೇ ಅಲ್ಲ.

ಬೆಳಿಗ್ಗೆ ಅವ್ವ ನನ್ನ ಎರಡೂ ಪಾದಗಳಿಗೆ ಅರಿಶಿನ ಹಚ್ಚಿದಳು. ರಬ್ಬರಿನ ಪಾದ ನನ್ನದಕ್ಕಿಂತ ಕಪ್ಪು. ನನ್ನ ಪಾದದ ಮೇಲೆ ಅರಿಶಿನ ಒಣಗಿತು, ಅದರ ಮೇಲೆ ಒಣಗಲಿಲ್ಲ, ಬೆರಳುಗಳ ಗೆರೆಗಳಲ್ಲಿ ಹೋಗಿ ಕೂತಿತು. ಅವ್ವ ಸೆರಗಿನಿಂದ ಒರೆಸಿ ಮತ್ತೆ ಹಚ್ಚಿದಳು. ಅವಳು ಆ ಪಾದವನ್ನು ಮುಟ್ಟಿದ್ದು ಅದೇ ಮೊದಲು.

ಕಾಲನ್ನು ಬಿಗಿಯುವ ಪಟ್ಟಿಯ ಹತ್ತಿರ ಅದು ಕಿರ್ರೆನ್ನುತ್ತದೆ ಎಂದು ವೈನಿಗೆ ಹೇಳಿದ್ದೆ. "ನಾ ಮಿಕ್ಸರ್ ಹಚ್ಚತೇನಿ, ನೀ ನಡಿ" ಎಂದಳು. ಒಳಗೆ ಏನೂ ಹಾಕದೆ ಮಿಕ್ಸರ್ ತಿರುಗಿಸಿದಳು. ನಾನು ಚಹಾದ ತಾಟು ಹಿಡಿದು ಬಾಗಿಲು ದಾಟಿದೆ. ಪಡಸಾಲೆಯ ನಡುವೆ ಕರೆಂಟು ಹೋಯಿತು. ಮಿಕ್ಸರ್ ನಿಂತಿತು. ನನಗೆ ನಿಲ್ಲಲಾಗಲಿಲ್ಲ, ಒಂದು ಹೆಜ್ಜೆ ಗಾಳಿಯಲ್ಲಿತ್ತು. ಇಟ್ಟೆ. ಕಿರ್ ಎಂದಿತು.

ಹುಡುಗನ ತಾಯಿ ಮಾಳವ್ವ ತಲೆ ಎತ್ತಿದರು. "ಏನದು ಸಪ್ಪಳ?"

ನೀನು ತಡಮಾಡಲಿಲ್ಲ. "ರಾಡ್ ರೀ ಅವ್ವಾರ. ತಂಪಿಗೆ ಹಂಗ ಆಗತೈತಿ."

"ಒಳಗಿಂದು ಹೊರಗ ಕೇಳಸ್ತೈತೇನ?"

"ಕೇಳಸ್ತೈತ್ರಿ. ಮೈ ತೆಳ್ಳಗೈತಲ್ಲ ಹುಡುಗೀದು."

"ಬೇರಿಂಗ್ ಹೋದ ಮೋಟರ್ ಹಿಂಗ ಅಂತೈತಿ" ಎಂದರು ಅಮೋಘಸಿದ್ಧ. ಎಂದವರೇ ನಾಲಿಗೆ ಕಚ್ಚಿಕೊಂಡರು. ನನಗೆ ನಗು ಬಂತು. ಅಪಘಾತವಾದ ಮೇಲೆ ನನ್ನ ಕಾಲಿನ ಮೇಲೆ ಯಾರೂ ಚೇಷ್ಟೆ ಮಾಡಿರಲಿಲ್ಲ. ಅವರು ಚೇಷ್ಟೆ ಮಾಡಿದ್ದು ಬೇರೆ ಯಾವುದೋ ಕಾಲಿನ ಮೇಲೆ, ಅದೂ ನಿಜ.

ಆಮೇಲೆ ಮಾಳವ್ವ ಕೇಳಿದ್ದನ್ನು ನೀನು ಮರೆತಿರಲಾರೆ. "ನಮ್ಮ ತಮ್ಮನ ಮಗಗೂ ರಾಡ್ ಹಾಕಿದ್ರು. ವರ್ಷ ತುಂಬೂದ್ರಾಗ ತೆಗಸಿದ್ವಿ. ಇಲ್ಲಂದ್ರ ಒಳಗ ತುಕ್ಕ ಹಿಡೀತೈತಂತ. ಇಕೀದು ಯಾವಾಗ ತೆಗಸ್ತೀರಿ?"

"ದಸರಾ ಮುಗದ ಮ್ಯಾಲೆ ರೀ. ಸೋಲಾಪುರದಾಗ ಹೇಳೇವಿ."

"ಮೊದಲ ತೆಗಸಿಬಿಡ್ರಿ. ಆಮ್ಯಾಲೆ ಸಕ್ಕರಿ ಕಾರ್ಯ ಇಟಗೊಂಡು ನಿಶ್ಚಯ ಮಾಡೂಣು. ಮೈಯಾಗ ಕಬ್ಬಿಣ ಇಟಗೊಂಡು ಅರಿಶಿನ ಹಚಗೊಳ್ಳೂದು ಬ್ಯಾಡ."

ನೀನು "ಹೌದ್ರಿ, ಹೌದ್ರಿ" ಎಂದೆ.

ಆ ಅರ್ಧ ತಾಸು ನಾನು ಎರಡು ಕಾಲಿನವಳಾಗಿದ್ದೆ. ಒಂದು ಸ್ವಲ್ಪ ಕೆಟ್ಟಿತ್ತು, ಅಷ್ಟೇ. ಅದು ಹಿತವಾಗಿತ್ತು ಎಂದು ಬರೆಯಲು ನನಗೆ ಎರಡು ದಿನ ಬೇಕಾಯಿತು. ಈಗ ಹೇಳು: ರಾಡ್ ತೆಗೆದರೆ ನನ್ನಲ್ಲಿ ಉಳಿಯುವುದೇನು?

ಭುವನೇಶ್ವರಿ


ಮುದ್ದೇಬಿಹಾಳ
೨೭ ಆಗಸ್ಟ್

ಭುವಿ,

ನಾನು ಯೋಚಿಸಿದ್ದೇನೆ.

ಅಕ್ಟೋಬರ್ ಹದಿನಾಲ್ಕು, ಸೋಮವಾರ, ನಾನು ಇಂಡಿ ನಿಲ್ದಾಣದಲ್ಲಿರುತ್ತೇನೆ. ತಾಂಬಾದಿಂದ ನೀನು ಬೆಳಗಿನ ಬಸ್ಸಿಗೆ ಬಾ. ಇಬ್ಬರೂ ಸೋಲಾಪುರಕ್ಕೆ ಹೋಗೋಣ. ಕಾಲು ಮಾಡಿದವರ ಹತ್ತಿರ ಆ ಪಟ್ಟಿ ಬದಲಿಸೋಣ. ನಿಮ್ಮ ವೈನಿಯ ಅಕ್ಕನ ಮನೆಯಲ್ಲಿ ಒಂದು ವಾರ ಇದ್ದು ಬರೋಣ. ಹೋದವಳು ಸಪ್ಪಳ ಮಾಡುತ್ತ ಹೋಗಿ, ಸಪ್ಪಳವಿಲ್ಲದೆ ಬಂದರೆ, ರಾಡ್ ಹೋಯಿತು ಎಂದು ಅವರೇ ಹೇಳುತ್ತಾರೆ. ನಾವು ಬಾಯಿ ಬಿಡಬೇಕಾಗಿಲ್ಲ.

ಇನ್ನೊಂದು. ಅವರ ಮನೆಗೆ ಮೆಟ್ಟಿಲುಗಳಿವೆ, ಮೇಲೆ ಎತ್ತರದ ಹೊಸ್ತಿಲು. ಮದುಮಗಳು ಬಲಗಾಲಿಟ್ಟೇ ಒಳಗೆ ಬರಬೇಕು, ಹೊಸ್ತಿಲ ಮೇಲಿನ ಸೇರನ್ನು ಬಲಗಾಲಿನಿಂದಲೇ ಒದೆಯಬೇಕು. ನಿನಗೆ ಇಲ್ಲದ್ದೂ ಬಲಗಾಲೇ, ನಿನ್ನ ಮೇಡಂ ಹೇಳಿದ ಪಾಠ ಅಲ್ಲಿ ನಡೆಯುವುದಿಲ್ಲ. ರೂಢಿ ಮಾಡಿಕೊ.

ನಾನು ಕಲ್ಲುಮನಸ್ಸಿನವನು ಎಂದು ನೀನು ತಿಳಿದಿರಬಹುದು. ನನ್ನ ಕಿಟಕಿಯಿಂದ ಜನರ ತಲೆ ಮಾತ್ರ ಕಾಣುತ್ತದೆ, ಕಾಲು ಕಾಣುವುದಿಲ್ಲ. ಆದರೂ ಈಗೀಗ ಇಡೀ ನಿಲ್ದಾಣದ ಗದ್ದಲದಲ್ಲಿ ಒಬ್ಬ ಕುಂಟುವವನು ಹೋದರೆ ನನಗೆ ಅದೊಂದೇ ಕೇಳಿಸುತ್ತದೆ. ಮೈಕಿನಲ್ಲಿ ಊರಿನ ಹೆಸರು ಹೇಳುತ್ತಿದ್ದವನು ನಡುವೆ ನಿಲ್ಲುತ್ತೇನೆ. ಅಪಘಾತದ ದಿನ ಸೋಲಾಪುರದಲ್ಲಿ ಡಾಕ್ಟರು ನನ್ನನ್ನು ಒಳಗೆ ಕರೆದು ತೋರಿಸಿದ್ದು ಏನೆಂದು ಯಾರಿಗೂ ಹೇಳಿಲ್ಲ, ನಿನಗೂ ಬರೆಯುವುದಿಲ್ಲ. ಅದನ್ನು ನೋಡಿದವನಿಗೆ ರಾಡ್ ಎಂಬುದು ಬಹಳ ಸಣ್ಣ ಶಬ್ದ.

ಸಂಗಣ್ಣ


ತಾಂಬಾ
೨೨ ಸೆಪ್ಟೆಂಬರ್

ಅಣ್ಣ,

ರೂಢಿ ಮಾಡಿಕೊಂಡೆ. ನಮ್ಮ ಹೊಸ್ತಿಲ ಮೇಲೆ ಅವ್ವ ಸೇರಿನಲ್ಲಿ ಜೋಳ ತುಂಬಿ ಇಡುತ್ತಿದ್ದಳು. ರಬ್ಬರಿನ ಪಾದಕ್ಕೆ ಸೇರು ತಾಗಿದ್ದು ತಿಳಿಯುವುದಿಲ್ಲ. ಜೋಳ ಚೆಲ್ಲಿದ ಸಪ್ಪಳ ಬಂದರೆ ತಾಗಿತು, ಬರದಿದ್ದರೆ ಇಲ್ಲ. ಒಂದು ದಿನ ಸೇರು ಬಿತ್ತು, ಅದರ ಹಿಂದೆ ನಾನೂ ಬಿದ್ದೆ. ಬಟ್ಟಲಿನ ಅಂಚು ಚರ್ಮ ಕಿತ್ತಿತು. ಗಾಯ ಮಾಯುವ ತನಕ ಕಾಲು ಹಾಕಬಾರದೆಂದು ಮೇಡಂ ಫೋನಿನಲ್ಲಿ ಬೈದರು. ಕಾಲು ಮೂಲೆಯಲ್ಲಿ ನಿಂತಿದೆ, ನಾನು ಹಾಸಿಗೆಯಲ್ಲಿದ್ದೇನೆ. ಅದಕ್ಕೆ ಈಗ ನಡೆಯಲು ನಾನು ಬೇಕು, ನನಗೆ ಅದು ಬೇಕು. ಇಬ್ಬರೂ ಸುಮ್ಮನೆ ನೋಡುತ್ತೇವೆ.

ಹೂವಿನ ಹಿಪ್ಪರಗಿಯಿಂದ ಫೋನು ಬರುತ್ತದೆ. ಮೊದಲ ಸಲ ಮಾಳವ್ವ ಮಾತಾಡಿ ಮಗನಿಗೆ ಕೊಟ್ಟರು. ಆಮೇಲೆ ಅಮೋಘಸಿದ್ಧ ಅವರೇ ಅಂಗಡಿಯಿಂದ ಮಾಡುತ್ತಾರೆ. ಹಿಂದೆ ಯಾವುದೋ ಮೋಟರ್ ತಿರುಗುತ್ತಿರುತ್ತದೆ, ಅದು ನಿಂತಾಗ ಅವರ ಧ್ವನಿ ದೊಡ್ಡದಾಗಿಬಿಡುತ್ತದೆ, ನಾಚಿ ಮತ್ತೆ ಸಣ್ಣದು ಮಾಡಿಕೊಳ್ಳುತ್ತಾರೆ. ಏನು ಊಟ, ಮಳೆ ಬಂತೇ, ಇಷ್ಟೇ. ನಿನ್ನೆ ಕೇಳಿದರು:

"ತೆಗಿಯುವಾಗ ನೋವ ಆಗತೈತೇನ್ರಿ?"

"ಗೊತ್ತಿಲ್ರಿ."

"ಅಂಜಬ್ಯಾಡ್ರಿ. ನಾನೂ ಬರ್ತೇನಿ ಸೋಲಾಪುರಕ್ಕ. ನಿಮ್ಮಣ್ಣಾರು ಒಬ್ಬರ ಔಷಧಕ್ಕ ಓಡಾಡಬೇಕೋ, ನಿಮ್ಮ ಹತ್ರ ಕುಂಡ್ರಬೇಕೋ? ಹಾಸಿಗಿ ಹತ್ರ ಕುಂಡ್ರಾಕ ಒಬ್ಬ ಮನಷ್ಯಾ ಬೇಕಲ್ರಿ."

ನಾನು ಏನೂ ಹೇಳಲಿಲ್ಲ. ಅದನ್ನು ಅವರು ಒಪ್ಪಿಗೆ ಎಂದು ತಿಳಿದರು. ಅಂಗಡಿ ಯಾರಿಗೆ ಒಪ್ಪಿಸಿ ಬರುವುದೆಂದು ಅದನ್ನೂ ಹೇಳಿದರು. ಫೋನು ಇಟ್ಟ ಮೇಲೂ ಕೈ ಬೆಚ್ಚಗಿತ್ತು. ಮೊಬೈಲಿನ ಬಿಸಿ ಇರಬಹುದು.

ಇಲ್ಲದ ರಾಡನ್ನು ತೆಗೆಯುವಾಗ, ಇಲ್ಲದ ಹಾಸಿಗೆಯ ಹತ್ತಿರ ಅವರನ್ನು ಎಲ್ಲಿ ಕೂರಿಸುವುದು ಅಣ್ಣ? ಅವರಿಗೆ ಹೇಳಿಬಿಡು. ನಿನಗಾಗದಿದ್ದರೆ ನಾನು ಹೇಳುತ್ತೇನೆ.

ಭುವಿ


ಮುದ್ದೇಬಿಹಾಳ
೨೮ ಸೆಪ್ಟೆಂಬರ್

ಭುವಿ,

ಹೇಳಬೇಡ.

ಅಮೋಘಸಿದ್ಧನಿಗೆ ಫೋನು ಮಾಡಿದೆ. ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ ಎಂದೆ. "ಹೊರಗ ಕುಂಡ್ರತೇನ್ರಿ" ಎಂದ. ಅದು ರೂಢಿಯಲ್ಲ, ಸಕ್ಕರೆ ಕಾರ್ಯ ಆಗುವ ಮೊದಲು ನಾಲ್ಕು ಜನ ಏನಂದಾರು ಎಂದೆ. "ಆಯ್ತ್ರಿ" ಎಂದ.

ನಮ್ಮ ಅಪ್ಪ ಹೋದ ಮೇಲೆ ಈ ಮನೆಯ ಪರವಾಗಿ ಮಾತು ಆಡಿದವನು ನಾನು. ಹೊಲದ ಬದುವಿನ ಜಗಳದಲ್ಲಿ, ನನ್ನ ಮದುವೆಯಲ್ಲಿ, ಟ್ರ್ಯಾಕ್ಟರಿನವರ ಜೊತೆ, ಎಲ್ಲ ಕಡೆ. ಸಂಗಣ್ಣ ಹೇಳಿದನೆಂದರೆ ಆಯಿತು ಎಂದು ಜನ ಎದ್ದು ಹೋಗಿದ್ದಾರೆ. ನೀನು ಬಾಯಿ ಬಿಟ್ಟರೆ ನಿನ್ನನ್ನು ಯಾರೂ ಸುಳ್ಳಿ ಎನ್ನುವುದಿಲ್ಲ. ಸುಳ್ಳ ನಾನಾಗುತ್ತೇನೆ. ಹಿಪ್ಪರಗಿಯಲ್ಲಿ ಆದದ್ದು ಬಾಗೇವಾಡಿಗೆ, ಅಲ್ಲಿಂದ ನನ್ನ ನಿಲ್ದಾಣಕ್ಕೆ ಬರಲು ಒಂದು ಬಸ್ಸು ಸಾಕು. ಅದನ್ನೂ ತೂಗಿ ನೋಡು.

ಹಿಪ್ಪರಗಿಯ ಈ ಮನೆ ಕೈಬಿಟ್ಟು ಹೋದರೆ ನಾನು ಮತ್ತೊಬ್ಬರ ಪಡಸಾಲೆಯಲ್ಲಿ ಹೋಗಿ ಕೂರುವವನಲ್ಲ.

ಹದಿನಾಲ್ಕು, ಇಂಡಿ. ಗಾಯ ಮಾದಿದ್ದರೆ ಕಾಲು ಹಾಕಿಕೊಂಡು ಬಾ, ಇಲ್ಲದಿದ್ದರೆ ಕೈಯಲ್ಲಿ ಹಿಡಿದುಕೊಂಡು ಬಾ.

ಸಂಗಣ್ಣ


ಮುದ್ದೇಬಿಹಾಳ
೧೫ ಅಕ್ಟೋಬರ್

ಭುವನೇಶ್ವರಿ,

ನಿನ್ನೆ ಇಂಡಿ ನಿಲ್ದಾಣದಲ್ಲಿ ತಾಂಬಾ ಕಡೆಯಿಂದ ಬಂದ ಪ್ರತಿ ಬಸ್ಸಿನ ಬಾಗಿಲಿಗೆ ಹೋಗಿ ನಿಂತೆ. ನೀನು ಇಳಿಯಲಿಲ್ಲ. ನಿನ್ನ ಫೋನು ಬಂದ್ ಇತ್ತು. ಅವ್ವನಿಗೆ ಮಾಡಿದರೆ, "ಮುಂಜಾನೇನ ಹ್ವಾದ್ಲಲ್ಲೋ, ಚೀಲ ಹಿಡಕೊಂಡು" ಎಂದಳು. ಆಮೇಲೆ ಅವಳೂ ಅಳತೊಡಗಿದಳು. ಸೋಲಾಪುರದ ಬಸ್ಸುಗಳು ಬಂದು ಹೋದವು. ಬೇರೆಯವರ ನಿಲ್ದಾಣದಲ್ಲಿ ನಾನು ಪ್ರಯಾಣಿಕರ ಬೆಂಚಿನ ಮೇಲೆ ಕೂತಿದ್ದೆ. ನೀನು ಯಾವ ಬಸ್ಸಿನ ಮೆಟ್ಟಿಲಿನಿಂದ ಬಿದ್ದಿರಬಹುದೆಂದು ಲೆಕ್ಕ ಹಾಕುತ್ತಿದ್ದೆ.

ಸಂಜೆ ಮನೆ ಮುಟ್ಟಿದೆಯಂತೆ, ಅವ್ವ ಹೇಳಿದಳು. ಎಲ್ಲಿ ಹೋಗಿದ್ದೆ ಎಂದು ಅವಳಿಗೂ ಹೇಳಿಲ್ಲವಂತೆ. ಹಿಪ್ಪರಗಿಗೆ ಫೋನು ಮಾಡಿದೆ. ಎತ್ತಲಿಲ್ಲ.

ಏನು ಮಾಡಿದೆ?

ಸಂಗಣ್ಣ


ತಾಂಬಾ
೧೭ ಅಕ್ಟೋಬರ್

ಅಣ್ಣ,

ಇಂಡಿ ಕಡೆಗೆ ಹೋಗುವ ಬಸ್ಸೂ ಸಿಂದಗಿ ಕಡೆಗೆ ಹೋಗುವ ಬಸ್ಸೂ ನಮ್ಮೂರಲ್ಲಿ ಒಂದೇ ಬೇವಿನ ಮರದ ಕೆಳಗೆ ನಿಲ್ಲುತ್ತವೆ. ಸೋಮವಾರ ಸಿಂದಗಿಯದು ಮೊದಲು ಬಂತು. ಅದನ್ನು ಹತ್ತಿದೆ ಎನ್ನುವುದಕ್ಕಿಂತ ಇಂಡಿಯದಕ್ಕೆ ಕಾಯಲಿಲ್ಲ ಎನ್ನುವುದು ಸರಿ. ಫೋನು ಆರಿಸಿದ್ದೂ ನಾನೇ. ನಿನ್ನ ಧ್ವನಿ ಕೇಳಿದ್ದರೆ ಇಳಿಯುತ್ತಿದ್ದೆ.

ಸಿಂದಗಿಯಲ್ಲಿ ಇಳಿದು ಹೂವಿನ ಹಿಪ್ಪರಗಿಯ ಬಸ್ಸು ಹಿಡಿದೆ. ಪಕ್ಕದಲ್ಲಿ ಕೂತ ಹೆಂಗಸು ಬದನೆಕಾಯಿಯ ಬುಟ್ಟಿಯನ್ನು ಕೆಳಗಿಟ್ಟಳು. ಬಹಳ ದೂರ ಹೋದ ಮೇಲೆ ನೋಡಿಕೊಂಡು ಗಾಬರಿಯಾದಳು. "ಅಯ್ಯ, ನಿನ್ನ ಕಾಲ ಮ್ಯಾಲೇ ಇಟ್ಟೇನಲ್ಲವಾ! ಭಾರ ಆಗಲಿಲ್ಲೇನ?" "ಇಲ್ಲಬೇ" ಎಂದೆ. "ಛಲೋ ತಡಕೊಂಡಿ" ಎಂದು ಎರಡು ಬದನೆಕಾಯಿ ತೆಗೆದು ನನ್ನ ಚೀಲಕ್ಕೆ ಹಾಕಿದಳು. ಸುಮ್ಮನಿದ್ದುದಕ್ಕೆ ಸಿಕ್ಕ ಬದನೆಕಾಯಿ. ಹಿಂದಿರುಗಿಸಬೇಕೆನಿಸಿತು, ಅಷ್ಟರಲ್ಲಿ ಅವಳು ಇಳಿದಳು.

ಮಾಳವ್ವ ಮನೆಯ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದರು.

"ಯಾಕವಾ, ಇವತ್ತ ಸೋಲಾಪುರಕ್ಕ ಹೋಗಬೇಕಿತ್ತಲ್ಲ?"

"ಹೋಗಲಿಲ್ರಿ."

"ಅಂಜಿದೇನ? ಒಬ್ಬಾಕೀನ ಬಂದೀಯಲ್ಲ! ಬಾ, ಒಳಗ ಬಾ. ಚಪ್ಪಲಿ ಅಲ್ಲೇ ಬಿಡು."

"ಬಿಡ್ತೇನ್ರಿ. ನನ್ನ ಬಲಗಾಲಿನ ಚಪ್ಪಲಿ ಮೊಣಕಾಲತನ ಐತ್ರಿ."

ಅವರು ನಕ್ಕರು. "ಏನ, ಪೊಲೀಸರ ಬೂಟ ಹಾಕ್ಕೊಂಡಿ ಏನ?"

ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಪಟ್ಟಿ ಬಿಚ್ಚಿದೆ, ಕಾಲು ಎಳೆದೆ, ಕಾಲುಚೀಲಗಳನ್ನು ಒಂದೊಂದಾಗಿ ತೆಗೆದೆ. ಅವರ ಚಪ್ಪಲಿಗಳ ಪಕ್ಕದಲ್ಲಿ ಆ ಕಾಲನ್ನು ಇಟ್ಟೆ. ಇದೆಲ್ಲ ಬಹಳ ಹೊತ್ತು ಹಿಡಿಯಿತು. ಬೆಳ್ಳುಳ್ಳಿಯ ಸಿಪ್ಪೆ ಗಾಳಿಗೆ ಹಾರಿ ನನ್ನ ಮಡಿಲಲ್ಲಿ ಬೀಳುತ್ತಿತ್ತು.

"ರಾಡ್ ಅಂದಿದ್ದು ಇದಕ್ಕರಿ" ಎಂದೆ. "ಒಳಗ ರಾಡ್ ಇಲ್ಲ. ಒಳಗ ಕಾಲ ಇಲ್ಲ."

ಅವರು ನನ್ನ ಮುಖ ನೋಡಲಿಲ್ಲ, ಅದನ್ನೇ ನೋಡುತ್ತಿದ್ದರು. ನಾನು ದಾರಿಯುದ್ದಕ್ಕೂ ಅವರ ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದೆ, ಈ ನೋಟಕ್ಕೆ ಅಲ್ಲ. ಅಷ್ಟರಲ್ಲಿ ಓಣಿಯ ನಾಯಿಯೊಂದು ಬಂದು ಕಾಲನ್ನು ಮೂಸಿತು.

"ಹಚ್ಯಾ!" ಎಂದು ಕೂಗಿದವರೇ ಮಾಳವ್ವ ಓಡಿಬಂದು ಕಾಲನ್ನು ಎತ್ತಿಕೊಂಡರು. "ಹಾಳಾದ ನಾಯಿ, ಮೊನ್ನಿ ನನ್ನ ಹೊಸಾ ಚಪ್ಪಲಿ ಒಯ್ದೈತಿ. ಇದನ್ನ ಒಯ್ದರ ಎಲ್ಲಿ ಹುಡಕೂದು?" ಎತ್ತಿಕೊಂಡ ಮೇಲೆ ಏನು ಮಾಡಬೇಕೋ ತಿಳಿಯದೆ ಹಾಗೇ ಹಿಡಿದು ಕಟ್ಟೆಯ ಮೇಲೆ ಕೂತರು. ಕೂಸನ್ನು ಹಿಡಿದಂತೆ ಎಂದು ಬರೆಯುವುದಿಲ್ಲ. ಹಾಗಿರಲಿಲ್ಲ. ಯಾರೋ ಇಟ್ಟುಹೋದ ಸಾಮಾನನ್ನು ಹಿಡಿದಂತೆ ಇತ್ತು.

"ಅವತ್ತ ನಮ್ಮ ಮುಂದ ನಡಕೋತ ಬಂದಿ. ನಾ ನಿನ್ನ ಕಾಲ ನೋಡಿದ್ನಿ. ಅರಿಶಿನ ಹಚ್ಚಿದ್ರಿ."

"ಹೌದ್ರಿ."

"ಎರಡಕ್ಕೂ?"

"ಎರಡಕ್ಕೂ ರೀ. ನಮ್ಮವ್ವ ಹಚ್ಚಿದ್ಲು."

ಅವರು ಪಾದವನ್ನು ತಿರುಗಿಸಿ ಬೆರಳುಗಳ ನಡುವೆ ನೋಡಿದರು. ಗೆರೆಗಳಲ್ಲಿ ಹಳದಿ ಇನ್ನೂ ಇತ್ತು. "ಹುಚ್ಚಿ" ಎಂದರು. ನಮ್ಮವ್ವನಿಗೋ, ನನಗೋ, ತಮಗೋ ತಿಳಿಯಲಿಲ್ಲ.

"ನಿಮ್ಮಣ್ಣ ಯಾಕ ಸುಳ್ಳ ಹೇಳ್ದ?"

"ಸುಳ್ಳ ನಂದೂ ಐತ್ರಿ. ನಾ ಸುಮ್ಮನ ಇದ್ನಿ."

"ನಿನ್ನ ಕೇಳಲಿಲ್ಲ. ನಿಮ್ಮಣ್ಣನ ಕೇಳಿದ್ನಿ."

ಉತ್ತರ ನಿನ್ನ ಹತ್ತಿರ ಇದೆ, ಅದನ್ನು ಬರೆಯುವುದಿಲ್ಲ ಎಂದು ನೀನೇ ಬರೆದಿದ್ದೀ.

"ನನ್ನ ಮಗಗ ನಾ ಹೇಳ್ತೇನಿ. ನೀ ಫೋನ ಮಾಡಬ್ಯಾಡ" ಎಂದು ಕಾಲನ್ನು ನನ್ನ ಕೈಗೆ ಕೊಟ್ಟರು. "ಹಾಕ್ಕೋ. ಬಸ್ ತಪ್ಪತೈತಿ." ಒಳಗೆ ಕರೆಯಲಿಲ್ಲ. ಚಹಾ ಎನ್ನಲಿಲ್ಲ. ನಾನು ಹಾಕಿಕೊಳ್ಳುವ ತನಕ ನಾಯಿ ಬರದಂತೆ ಓಣಿ ನೋಡುತ್ತ ನಿಂತಿದ್ದರು.

ಈ ಮನೆ ಹೋಯಿತು ಎಂದು ತಿಳಿ. ಹೋದದ್ದು ನನ್ನಿಂದ, ನಿನ್ನಿಂದಲ್ಲ. ನಿನ್ನ ಹೆಸರಿಗೆ ಆಗಬಹುದಾದದ್ದನ್ನು ತೂಗಿದೆ. ತೂಗಿಯೂ ಹೋದೆ. ಇದಕ್ಕಿಂತ ಹೆಚ್ಚು ಬರೆದರೆ ಕ್ಷಮೆ ಕೇಳಿದ ಹಾಗಾಗುತ್ತದೆ, ಅದನ್ನು ಈಗ ಕೇಳಲಾರೆ.

ಭುವನೇಶ್ವರಿ


ಮುದ್ದೇಬಿಹಾಳ
೫ ನವೆಂಬರ್

ಭುವಿ,

ದೀಪಾವಳಿಗೆ ಬರಲಿಲ್ಲ. ಡ್ಯೂಟಿ ಇತ್ತು ಎಂದು ಅವ್ವನಿಗೆ ಹೇಳಿದ್ದೆ. ನಾನೇ ಕೇಳಿ ಹಾಕಿಸಿಕೊಂಡ ಡ್ಯೂಟಿ. ದಾವಲಮಲಿಕ ಬಂದಾಗಲೆಲ್ಲ ಕಿಟಕಿಗೆ ಬಂದು "ಕವರ್ ಐತೇನ್ರಿ ಸಾಹೇಬ್ರ?" ಎಂದು ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದೆ.

ನಿನ್ನೆ ಮಾಳವ್ವ ಫೋನು ಮಾಡಿದರು. ನಾನು ಮೈಕಿನ ಮುಂದಿದ್ದೆ.

"ಬರೂ ರವಿವಾರ ನಾವು ತಾಂಬಾಕ್ಕ ಬರ್ತೇವ್ರಿ. ಮಾತ ಆಡೂದೈತಿ."

ಬರ್ರಿ ಎಂದೆ. ಹುಡುಗನ ಮನಸ್ಸು ಹೇಗಿದೆ ಎಂದು ಕೇಳಿದೆ.

"ಅಂವ ಸಿಟ್ಟಾಗ್ಯಾನ. ಕಾಲಿಗೆ ಅಲ್ರಿ. ಹಾಸಿಗಿ ಹತ್ರ ಕುಂಡ್ರತೇನಿ ಅಂದಿದ್ನಂತಲ್ಲ, ಆವಾಗ ನೀವೆಲ್ಲಾ ಒಳಗೊಳಗ ನಕ್ಕಿರೇನೋ ಅಂತ. ಎರಡ ದಿನ ಅಂಗಡಿ ತೆರೀಲಿಲ್ಲ. ಆದ್ರ ಬರ್ತೇನಿ ಅಂದಾನ. ಆಕೀನ್ನ ಕೇಳೂದೈತಂತ ಏನೋ. ಹೌದೋ ಅಲ್ಲೋ ನಾ ಈಗ ಹೇಳೂದಿಲ್ಲ."

ಆಯ್ತ್ರಿ ಎಂದೆ.

"ಒಂದ ಮಾತ್ರಿ. ಸಿಟ್ಟ ಆಗಬ್ಯಾಡ್ರಿ. ಅವತ್ತ ಮಾತಿಗೆ ನೀವು ಕುಂಡ್ರಬ್ಯಾಡ್ರಿ. ನಿಮ್ಮ ಮಾತಿನ ಮ್ಯಾಲೆ ನಮಗ ಕೂಡಾಕ ಆಗೂದಿಲ್ಲ."

ಹಾಗಾದರೆ ಹಿರಿಯರಲ್ಲಿ ಯಾರನ್ನು ಕರೆಯಲಿ ಎಂದು ಕೇಳಿದೆ. ಊರ ಗೌಡರನ್ನೋ, ಸೋದರಮಾವನನ್ನೋ.

"ಯಾಕ್ರಿ? ಹುಡುಗಿ ಅದಾಳಲ್ಲ. ಮಾತ ಬರ್ತೈತಲ್ಲ ಆಕೀಗಿ."

ಫೋನು ಇಟ್ಟ ಮೇಲೆ ತಾಳಿಕೋಟಿಯ ಬಸ್ಸನ್ನು ನಾಲತವಾಡದ್ದು ಎಂದು ಕೂಗಿದೆ. ಜನ ಹತ್ತಿ ಕೂತರು. ಡ್ರೈವರ್ ನನ್ನ ಕಿಟಕಿಗೆ ಬಂದು, "ಎಲ್ಲಿಗೆ ಒಯ್ಯಲ್ರಿ ಇವರನ್ನ?" ಎಂದು ಕೇಳಿದಾಗ ಎಲ್ಲರೂ ಬೈಯುತ್ತ ಇಳಿದರು. ಒಬ್ಬ ಮುದುಕ ಇಳಿಯಲಿಲ್ಲ. ಮೈಕಿನಲ್ಲಿ ಹೇಳಿದ್ದಾರೆ, ಸುಳ್ಳಿರಲಿಕ್ಕಿಲ್ಲ ಎಂದು ಕೂತೇ ಇದ್ದ. ನಾನೇ ಹೋಗಿ ಅವನನ್ನು ಇಳಿಸಬೇಕಾಯಿತು.

ರವಿವಾರ ಮಾತಿಗೆ ನೀನೇ ಕೂಡು. ಏನು ಹೇಳಬೇಕೆಂದು ನಾನು ಕಲಿಸುವುದಿಲ್ಲ. ನಾನು ಇಲ್ಲೇ ಇರುತ್ತೇನೆ, ಡ್ಯೂಟಿ ಹಾಕಿಸಿಕೊಂಡಿದ್ದೇನೆ. ಮಾತಿಲ್ಲದವನು ಆ ಪಡಸಾಲೆಯಲ್ಲಿ ಎಲ್ಲಿ ನಿಲ್ಲಬೇಕು, ನನಗೆ ತಿಳಿಯುವುದಿಲ್ಲ.

ನಿನ್ನ ಅಣ್ಣ


ತಾಂಬಾ
೭ ನವೆಂಬರ್

ಅಣ್ಣ,

ಡ್ಯೂಟಿ ಬದಲಿಸಿಕೊಂಡು ಬಾ.

ಅವರು ಏನು ಕೇಳುತ್ತಾರೋ ಗೊತ್ತಿಲ್ಲ. ಕೇಳಿದ ಮೇಲೆ ಹೌದು ಎನ್ನುತ್ತಾರೋ, ಎದ್ದು ಹೋಗುತ್ತಾರೋ, ಅದೂ ಗೊತ್ತಿಲ್ಲ. ನಾನು ಕಾಲು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಜಮಖಾನೆಯ ಮೇಲೆ ಕೂತಿರುತ್ತೇನೆ. ಆದ್ದರಿಂದ ಅವರು ಬಂದಾಗ ನನಗೆ ಎದ್ದು ಬಾಗಿಲಿಗೆ ಹೋಗಲಾಗುವುದಿಲ್ಲ. ಬಂದವರಿಗೆ ಕಾಲು ತೊಳೆಯಲು ತಂಬಿಗೆಯಲ್ಲಿ ನೀರು ಕೊಡುವವರು ಒಬ್ಬರು ಬೇಕು.

ನೀನು ಅಲ್ಲಿ ನಿಲ್ಲು. ಅದಕ್ಕೆ ಮಾತು ಬೇಕಾಗುವುದಿಲ್ಲ.

ಭುವಿ